ಜೋಪಡಿ ಬಾವಿಗೆ ಇಳಿದಾತ

ಹೋದ ತಿಂಗಳು ಕೋಸಗಿ ಕಡೆಯಿಂದ ಹತ್ತಿ ತಂದ ಗಾಡಿಯವನೊಬ್ಬ ನಮ್ಮ ಅಂಗಳದಲ್ಲಿ ಎತ್ತು ಬಿಚ್ಚುತ್ತ, ಮಳೆ-ಬೆಳೆಯ ಮಾತಿನ ನಡುವೆ, "ಬಾವಿ ತಾತ ಹೋಗಿಬಿಟ್ಟನಲ್ರಿ ಸಾವುಕಾರ್ರ" ಅಂದ. ಯಾವ ಬಾವಿಯಲ್ಲಿ ಎಂದು ಕೇಳಿದೆ. ಬೇರೆ ಪ್ರಶ್ನೆ ನನ್ನ ಬಾಯಿಗೆ ಬರಲಿಲ್ಲ. "ಬಾವ್ಯಾಗ ಯಾಕ್ರಿ, ಮನ್ಯಾಗ. ಎರಡು ದಿನ ಜರ ಬಂತು, ಹೊರಸಿನ ಮ್ಯಾಲ ಮಲಗಿದಾತ ಏಳಲಿಲ್ಲ" ಎಂದ. ನಾನು ತೂಕದ ಕೆಲಸ ಆಳುಗಳಿಗೆ ಬಿಟ್ಟು ಒಳಗೆ ಹೋಗಿ ಕುಳಿತೆ. ಆತ ಹೊರಸಿನ ಮೇಲೆ ಸತ್ತನೆಂಬ ಮಾತು ಕೇಳಿ ಮೊದಲು ನನಗಾದದ್ದು ದುಃಖವಲ್ಲ, ಸಮಾಧಾನ. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ.

ಆತನಿಗೊಂದು ಹೆಸರಿತ್ತು, ನನಗೆ ಗೊತ್ತೂ ಇತ್ತು. ಆದರೆ ಕುಸಿದ ಗೋಡೆ ನಿಲ್ಲಿಸಲು, ಹೂಳು ತೆಗೆಯಲು ಬಾವಿಗೆ ಇಳಿಯುವ ಆತನಂಥವರಲ್ಲಿ ಒಂದು ಕಟ್ಟಳೆ. ಒಳಗಿರುವವನನ್ನು ಹೆಸರು ಹಿಡಿದು ಮೇಲಿನಿಂದ ಕೂಗಬಾರದು. ಕೂಗಿದರೆ ಬಾವಿಗೆ ಆ ಹೆಸರು ತಿಳಿಯುತ್ತದೆ, ತಿಳಿದರೆ ಅದೂ ಕರೆಯಲು ಕಲಿಯುತ್ತದೆ. ಹೀಗಾಗಿ ತಲೆಗೂದಲು ಇನ್ನೂ ಕಪ್ಪಗಿದ್ದಾಗಲೇ ಆತ ಸುತ್ತಲ ಹಳ್ಳಿಗೆಲ್ಲ ತಾತನಾಗಿಬಿಟ್ಟಿದ್ದ. ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ.

ಗಿಡ್ಡ ಆಳು. ಮೊಣಕಾಲು, ಮೊಣಕೈಗಳ ಚರ್ಮ ಕಲ್ಲಿಗೆ ಉಜ್ಜಿ ಉಜ್ಜಿ ಬಿಳಿಚಿಹೋಗಿತ್ತು. ಬಾವಿ ಕಂಡರೆ ಸಾಕು, ಹತ್ತು ಮಾರು ದೂರದಲ್ಲೇ ಚಪ್ಪಲಿ ಬಿಟ್ಟು, ಬಾಯೊಳಗಿನ ತಂಬಾಕು ಉಗುಳಿ ಬಾಯಿ ತೊಳೆದುಕೊಳ್ಳುತ್ತಿದ್ದ. ಎಂಥ ಭಕ್ತಿ ನೋಡು ಎಂದು ನಮ್ಮವ್ವ ಕೈ ಮುಗಿಯುತ್ತಿದ್ದಳು. ಒಮ್ಮೆ ಅದನ್ನು ಕೇಳಿಸಿಕೊಂಡು ಆತ ನಕ್ಕ. "ಭಕ್ತಿ ಏನಿಲ್ಲವ್ವಾ. ತಂಬಾಕ ಬಾಯಾಗಿದ್ರ ನೀರಿನ ವಾಸನಿ ತಿಳಿಯಂಗಿಲ್ಲ. ಚಪ್ಪಲಿ ಕಾಲಾಗಿದ್ರ ನೆಲ ಅಳ್ಳಾಡೋದು ತಿಳಿಯಂಗಿಲ್ಲ" ಅಂದ. ನಮ್ಮವ್ವ ಆಮೇಲೂ ಕೈ ಮುಗಿಯುವುದನ್ನು ಬಿಡಲಿಲ್ಲ.

ಹೊಸ ಬಾವಿಗೆ ಕರೆದರೆ ಆತ ಕೇಳುವ ಪ್ರಶ್ನೆಗಳನ್ನು ಕೇಳಬೇಕು. ಎಷ್ಟು ವಯಸ್ಸು, ಯಾರು ಕಟ್ಟಿಸಿದ್ದು, ಹೂಳು ಯಾವಾಗ ತೆಗೆಸಿದ್ದು, ಒಳಗೆ ಯಾರಾದರೂ ಬಿದ್ದದ್ದುಂಟೋ. ಥೇಟ್ ಕನ್ಯೆ ನೋಡಲು ಬಂದ ಬೀಗರು. ಬಾವಿ ಆತನಿಗೆ ಯಾವತ್ತೂ 'ಆಕಿ'. ಆಲೂರಿನ ಬಂಗಲೆಯ ಬಾವಿ ಕುಸಿದಾಗ ಅಲ್ಲಿಗೆ ಮೊಕ್ಕಾಂ ಬಂದಿದ್ದ ಅಧಿಕಾರಿಯೊಬ್ಬರು ಕೈಗಡಿಯಾರ ನೋಡಿಕೊಂಡು, ಎಷ್ಟು ತಾಸಿನ ಕೆಲಸ ಎಂದರಂತೆ. ಈತ ಬಾವಿಯೊಳಗೆ ಇಣುಕಿ, "ಆಕೀನ್ನ ಕೇಳಬೇಕ್ರಿ" ಅಂದನಂತೆ. ಮಾತೆಲ್ಲ ಕನ್ನಡ, ಲೆಕ್ಕ ಮಾತ್ರ ತೆಲುಗು. ಒಳಗಿಳಿದು ಕಲ್ಲಿನ ವರಸೆಗಳನ್ನು 'ಒಕಟಿ, ರೆಂಡು, ಮೂಡು' ಎಂದು ಎಣಿಸುವ ದನಿ ಮೇಲಿನವರಿಗೆ ಕೇಳುತ್ತಿತ್ತು. ಎಣಿಕೆ ನಿಂತರೆ ಎಲ್ಲರೂ ಮುಂದಕ್ಕೆ ಬಗ್ಗುತ್ತಿದ್ದರು.

ಇಳಿಯುವ ಮುಂಚೆ ಡಬ್ಬಿಯಲ್ಲಿ ಒಂದು ದೀಪ ಇಟ್ಟು ದಾರ ಕಟ್ಟಿ ಕೆಳಗೆ ಬಿಡುತ್ತಿದ್ದ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆಯೆಂದರ್ಥ, ಆ ದಿನ ಇಳಿಯುವುದಿಲ್ಲ. ಯಾರು ಎಷ್ಟು ಹೇಳಿದರೂ ಇಳಿಯುವುದಿಲ್ಲ. ನಾಗಲದಿನ್ನೆಯ ರೈತನೊಬ್ಬ ಹೀಗೆ ದೀಪ ಆರಿದ್ದನ್ನು ನೋಡಿಯೂ, ಹೊಳೆದಂಡೆಯ ಬಾವಿ, ಗಾಳಿ ಬೀಸಿ ಆರಿರಬೇಕು, ಇಳಿ ಅಂದನಂತೆ. ಈತ ತನ್ನ ಹಗ್ಗದ ತುದಿಯನ್ನು ಅವನ ಕೈಗೆ ಕೊಟ್ಟು, "ನೀವು ಇಳೀರಿ, ನಾ ಹಿಡೀತೀನಿ" ಎಂದನಂತೆ. ರೈತ ಮರುದಿನದವರೆಗೆ ಕಾದ. ಆ ರೈತ ಆತನ ಮಾತು ಕೇಳಿದ, ನಾನು ಕೇಳಲಿಲ್ಲ.

ಹತ್ತು ಹನ್ನೊಂದು ವರ್ಷದ ಹಿಂದೆ ಆದೋನಿಯಲ್ಲಿ ಇಲಿ ಸತ್ತು ಬಿದ್ದವು. ಇಲಿ ಬಿತ್ತೆಂದರೆ ನಮ್ಮ ಕಡೆ ಯಾರೂ ಪಂಚಾಂಗ ನೋಡುವುದಿಲ್ಲ. ಮನೆಗೆ ಕೀಲಿ ಹಾಕಿ, ಕಾಳು ಕಡಿ ಗಾಡಿಗೆ ಹೇರಿ, ಊರು ಬಿಟ್ಟು ಹೊಲದಲ್ಲಿ ಜೋಪಡಿ ಹಾಕುತ್ತಾರೆ. ಚಳಿಗಾಲ ಬಂತೆಂದರೆ ಪ್ಲೇಗು, ಪ್ಲೇಗು ಬಂತೆಂದರೆ ಜೋಪಡಿ. ಕೆಲವರು ಬಿದಿರು ತಟ್ಟಿಗಳನ್ನು ಅಟ್ಟದ ಮೇಲೆ ಕಟ್ಟಿಯೇ ಇಟ್ಟಿರುತ್ತಿದ್ದರು. ಊರಿಂದ ಮೂರು ಮೈಲಿಯ ನಮ್ಮ ಎರೆಹೊಲದಲ್ಲಿ ಸುಮಾರು ನಲವತ್ತು ಜೋಪಡಿ ಎದ್ದವು. ನಮ್ಮ ಮನೆಯವರು, ನಮ್ಮ ಓಣಿಯವರು, ಅಂಗಡಿಯ ಗುಮಾಸ್ತರು, ಇಬ್ಬರು ದರ್ಜಿಗಳು, ಅವರವರ ಹೆಂಡಿರು ಮಕ್ಕಳು. ಎಲ್ಲರಿಗೂ ಒಂದೇ ಬಾವಿ, ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತ ತೊಗಲ ಚೀಲದಿಂದ ನೀರೆಳೆಯುವ ನಮ್ಮ ಕಪಿಲೆ ಬಾವಿ. ಪಕ್ಕದ ಹೊಲದ ಬಾವಿಯ ನೀರು ಸವುಳು. ಬಾಯಿಗೆ ಹಾಕಿದರೆ ದನವೂ ಮುಖ ತಿರುಗಿಸುತ್ತಿತ್ತು.

ನನಗಾಗ ಇಪ್ಪತ್ತೆರಡು. ಕಾಲೇಜು ಅರ್ಧಕ್ಕೆ ಬಿಟ್ಟು ಬಂದಿದ್ದೆ. ಅರ್ಧ ಕಲಿತವನಿಗಿರುವ ಪೂರ್ತಿ ಸೊಕ್ಕು ಇತ್ತು. ಜೋಪಡಿಗಳ ಯಜಮಾನಿಕೆಯನ್ನು ನಮ್ಮಪ್ಪ ನನಗೆ ವಹಿಸಿ, ತಾನು ಹತ್ತಿ ಕಾರ್ಖಾನೆಯ ಕೆಲಸ ನೋಡಿಕೊಳ್ಳುತ್ತಿದ್ದ.

ಅಕಾಲದಲ್ಲಿ ಎರಡು ದಿನ ಮಳೆ ಹೊಡೆಯಿತು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ. ಉಬ್ಬಿದ ಮಣ್ಣು ಬಾವಿಯ ಒಳಗೋಡೆಯನ್ನು ಹಿಂದಿನಿಂದ ನೂಕುತ್ತದೆ. ಮೂರನೆಯ ದಿನ ಬೆಳಿಗ್ಗೆ ಕಪಿಲೆಯ ತೊಗಲ ಚೀಲದಲ್ಲಿ ನೀರಿನ ಬದಲು ಕಪ್ಪು ಕೆಸರು ಬಂತು. ಬಗ್ಗಿ ನೋಡಿದರೆ ಮೂಡಣ ದಿಕ್ಕಿನ ಗೋಡೆ ಬಸುರಿಯ ಹೊಟ್ಟೆಯಂತೆ ಮುಂದಕ್ಕೆ ಬಂದಿತ್ತು. ಕೆಳಗಿನ ಒಂದಷ್ಟು ಕಲ್ಲು ಕಳಚಿ ಬಿದ್ದು ಸೆಲೆಯನ್ನು ಮುಚ್ಚಿದ್ದವು. ಸಂಜೆಯ ಹೊತ್ತಿಗೆ ಹರವಿಗಳು ಬರಿದಾದವು. ಮರುದಿನ ನಸುಕಿನಲ್ಲಿ ಇಬ್ಬರು ಹೆಂಗಸರು ಕೊಡ ಹಿಡಿದು ಊರ ದಾರಿಯಲ್ಲಿ ನಡೆದದ್ದನ್ನು ನಾನೇ ಕಂಡೆ. ಇಲಿ ಬಿದ್ದ ಊರಿನಿಂದ ನೀರು ತರಲು ಹೊರಟಿದ್ದರು. ತಡೆದೆ. ಅದರಲ್ಲೊಬ್ಬಾಕೆ ದರ್ಜಿಯ ಹೆಂಡತಿ. "ತಡೀರಿ, ಬ್ಯಾಡನ್ನಂಗಿಲ್ಲ. ಕೂಸಿಗೆ ಏನು ಕುಡಿಸ್ಲಿ, ನೀವಽ ಹೇಳ್ರಿ" ಅಂದಳು. ಬಾವಿ ಆ ದಿನವೇ ರಿಪೇರಿಯಾಗಬೇಕಿತ್ತು. ಆಗದಿದ್ದರೆ ನಲವತ್ತು ಜೋಪಡಿಗಳು ಪ್ಲೇಗಿನ ಬಾಯಿಗೆ ನಡೆದುಕೊಂಡು ಹೋಗುತ್ತಿದ್ದವು.

ಹಿಂದಿನ ದಿನವೇ ಕೋಸಗಿಗೆ ಆಳು ಕಳಿಸಿದ್ದೆವು. ತಾತ ಬೆಳಗಿನ ರೈಲಿಗೆ ಬಂದಿಳಿದ. ಆದೋನಿ ಹೆಸರು ಕೇಳಿದರೆ ಬೀಗರೂ ದೂರ ಸರಿಯುತ್ತಿದ್ದ ಕಾಲ ಅದು; ಈತ ಹೆಗಲ ಮೇಲೆ ಹಗ್ಗದ ಸುರುಳಿ ಹೊತ್ತು ಸ್ಟೇಷನ್ನಿನಿಂದ ನಡೆದು ಬಂದ. ಬಾವಿಯ ಸುತ್ತ ಬರಿಗಾಲಲ್ಲಿ ಎರಡು ಸುತ್ತು ಹಾಕಿದ. ಒಂದು ಕಡೆ ನಿಂತು ಹಿಮ್ಮಡಿಯಿಂದ ನೆಲ ಒತ್ತಿದ. ದೀಪ ಬಿಟ್ಟ, ಆರಲಿಲ್ಲ. ಮೊದಲು ಕಪಿಲೆ ಹೊಡೆಸಿ ಕೆಸರು ಆದಷ್ಟು ಎತ್ತಿಸಿದ. ಆಮೇಲಿನ ಕೆಲಸ ಹೇಳಿದ: ಉಬ್ಬಿದ ಗೋಡೆಗೆ ಹಲಗೆ ಕೊಟ್ಟು, ಎದುರುಗೋಡೆಗೆ ಅಡ್ಡತೊಲೆ ಕೊಟ್ಟು, ತೊಲೆಯ ತುದಿಗೆ ಬೆಣೆ ಹೊಡೆದು ಬಿಗಿ ಮಾಡುವುದು. ಗೋಡೆ ನಿಂತರೆ ಬಿದ್ದ ಕಲ್ಲು ತೆಗೆದು ಸೆಲೆ ಬಿಡಿಸುವುದು. ಎರಡು ತೊಲೆ, ಎರಡು ಬೆಣೆ. ಕಟ್ಟಡ ಆಮೇಲೆ.

"ಎಂಟು ಮಂದಿ ಬೇಕ್ರಿ ಹಗ್ಗಕ್ಕ. ಒಂದು ಜಗ್ಗಿದ್ರ ಇಳಿಸ್ರಿ, ಎರಡಕ್ಕ ನಿಲ್ಲಿಸ್ರಿ, ಮೂರಕ್ಕ ಮ್ಯಾಲ ಎಳೀರಿ. ನಾ ಒಳಗಿದ್ದಾಗ ಯಾರೂ ಮಾತಾಡಬ್ಯಾಡ್ರಿ. ಕಲ್ಲು ಬೀಳೋಕಿಂತ ಮುಂಚೆ ಸಣ್ಣ ಸಣ್ಣ ಹಳ್ಳು ಉದುರ್ತಾವ, ಅದು ನನಗ ಕೇಳಬೇಕು." ಆಮೇಲೆ ಇಳಿಜಾರಿನ ಮೇಲ್ತುದಿಯಲ್ಲಿ ನಿಂತಿದ್ದ ಕಪಿಲೆಯ ಎತ್ತುಗಳನ್ನು ನೋಡಿ ನನ್ನ ಕಡೆ ತಿರುಗಿದ. "ಸಣ್ಣ ಸಾವುಕಾರ್ರ, ಇನ್ನೊಂದು. ನನ್ನ ಎಳಿಯಾಕ ಎತ್ತು ಹೂಡಬ್ಯಾಡ್ರಿ."

ಯಾಕೆ ಎಂದು ಒಂದು ಮಾತು ಕೇಳಬೇಕಿತ್ತು. ಹೆಸರು ಕರೆಯಬಾರದೆಂಬಂತೆ ಇದೂ ಒಂದು ಶಾಸ್ತ್ರವಿರಬೇಕು ಎಂದುಕೊಂಡು ಸುಮ್ಮನೆ ತಲೆಯಾಡಿಸಿದೆ. ಎತ್ತು ಹೊಡೆಯುವ ಕಪಿಲೆಯವನನ್ನು ಎರಡನೆಯ ತೊಲೆ ತರಲು ಕಾರ್ಖಾನೆಗೆ ಕಳಿಸಿದೆ. ಎತ್ತುಗಳು ನೊಗದಲ್ಲಿಯೇ ನಿಂತಿದ್ದವು.

ಹಗ್ಗಕ್ಕೆ ನಿಂತ ಎಂಟು ಮಂದಿಯೂ ಊರಿನವರು. ಗುಮಾಸ್ತರ ಕೈ, ದರ್ಜಿಗಳ ಕೈ. ಲೇಖನಿ, ಸೂಜಿ ಹಿಡಿದ ಕೈಗಳು ಅವು, ಹಗ್ಗ ಹಿಡಿದವಲ್ಲ. ತಾತ ಎದೆಗೆ ಹಗ್ಗ ಬಿಗಿದು, ಅದರ ಇನ್ನೊಂದು ತುದಿಯನ್ನು ಕಪಿಲೆಯ ಗಾಲಿಯ ಮೇಲಿಂದ ಅವರ ಕೈಗೆ ಕೊಟ್ಟು ಇಳಿದ. ಜೋಪಡಿಯವರೆಲ್ಲ ದೂರದಲ್ಲಿ ನಿಂತಿದ್ದರು. ಕೂಸುಗಳ ಬಾಯಿಗೆ ತಾಯಂದಿರು ಸೆರಗು ಒತ್ತಿದ್ದರು. ಕೆಳಗಿನಿಂದ ಕೊಡಲಿಯ ಹಿಂಬದಿ ಬೆಣೆಗೆ ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೊದಲ ತೊಲೆ ಕೂತಿತು. ಸದ್ದು ನಿಂತಿತು.

ಹಗ್ಗ ಮೂರು ಸಲ ಜಗ್ಗಿತು.

ಎಂಟು ಮಂದಿ ಎಳೆದರು. ಕೆಸರು ಹತ್ತಿದ ಹಗ್ಗ ಕೈಯಲ್ಲಿ ಜಾರಿತು. ಒಂದು ಮೊಳ ಬಂದರೆ ಅರ್ಧ ಮೊಳ ಹಿಂದೆ ಹೋಯಿತು. ಕೆಳಗೆ ಹಳ್ಳು ಉದುರುವ ಸದ್ದು ನನಗೂ ಕೇಳಿಸಿತು, ಹಿಂದೆಯೇ ಒಂದು ಕಲ್ಲು ನೀರಿಗೆ ಬಿದ್ದ ಸದ್ದು. ಮತ್ತೆ ಹಗ್ಗ ಮೂರು ಸಲ ಜಗ್ಗಿತು, ಈ ಸಲ ಜೋರಾಗಿ. ನನಗೆ ತಡೆಯಲಾಗಲಿಲ್ಲ. ಇವರಿಂದ ಆಗುವುದಿಲ್ಲ ಎಂದು ಕೂಗಿ, ಹಗ್ಗವನ್ನು ನೊಗಕ್ಕೆ ಬಿಗಿದು ಎತ್ತಿನ ಬೆನ್ನಿಗೆ ಬಾರಿಸಿದೆ. ಎತ್ತುಗಳು ಇಳಿಜಾರಿನಲ್ಲಿ ಸರಸರ ಇಳಿದವು. ಹಗ್ಗ ಬಿಗಿಯಿತು, ಗಾಲಿ ಕಿರುಗುಟ್ಟಿತು, ತಾತ ಮೇಲೆ ಬಂದ. ನೋಡಿರಿ, ಎಷ್ಟು ಸುಲಭ ಎಂದು ನನಗೆ ಹೆಮ್ಮೆಯಾಯಿತು. ಸುಳ್ಳೇಕೆ ಹೇಳಲಿ, ಆ ಕ್ಷಣ ನನಗಾದದ್ದು ಹೆಮ್ಮೆಯೇ.

ಆತನ ಕೈ ದಂಡೆಯ ಕಲ್ಲನ್ನು ಮುಟ್ಟಿತು. ಕೆಸರು ಮೆತ್ತಿದ ಬೆರಳುಗಳು. ಗುಮಾಸ್ತನೊಬ್ಬ ಹಿಡಿಯಲು ಬಗ್ಗಿದ. ಅಷ್ಟರಲ್ಲಿ ಎತ್ತುಗಳು ಇಳಿಜಾರಿನ ಕೊನೆ ಮುಟ್ಟಿದವು. ಕಪಿಲೆಯ ಎತ್ತಿಗೆ ಆ ಕೊನೆ ಎಂದರೆ ಚೀಲ ಸುರಿಯಿತು ಎಂದರ್ಥ. ಯಾರೂ ಹೇಳಬೇಕಿಲ್ಲ, ಮತ್ತೆ ನೀರು ತುಂಬಿಕೊಳ್ಳಲು ಅವು ತಾವಾಗಿಯೇ ಹಿಂದೆ ಹಿಂದೆ ಹೆಜ್ಜೆ ಇಟ್ಟು ಇಳಿಜಾರು ಏರುತ್ತವೆ. ದಿನಕ್ಕೆ ನೂರು ಸಲ ಅವು ಮಾಡುತ್ತಿದ್ದದ್ದು ಅದನ್ನೇ. ನಮ್ಮ ಮನೆಯ ಎತ್ತುಗಳು, ನಮ್ಮ ಮನೆಯ ಕಪಿಲೆ. ಸಾವುಕಾರರ ಮಗ ಒಂದು ದಿನವಾದರೂ ಅವುಗಳ ಹಿಂದೆ ನಡೆದಿರಲಿಲ್ಲ.

ಎತ್ತುಗಳು ಹಿಂದಕ್ಕೆ ಸರಿದವು. ತಾತನ ಬೆರಳು ಕಲ್ಲಿನಿಂದ ಜಾರಿತು. ಆತ ಮತ್ತೆ ಕೆಳಗೆ, ಕಳಚುತ್ತಿದ್ದ ಗೋಡೆಯ ಮುಂದೆ ಇಳಿಯತೊಡಗಿದ. ನಾನು ಎತ್ತಿನ ಮುಖಕ್ಕೆ ಹೊಡೆದೆ, ಅವು ಇನ್ನೂ ಬೇಗ ಹಿಂದೆ ಸರಿದವು. ಎಲ್ಲರೂ ಒಟ್ಟಿಗೆ ಕೂಗಿಕೊಂಡರು. ನಾಲ್ಕು ಮಂದಿ ಹಗ್ಗಕ್ಕೆ ಜೋತುಬಿದ್ದರು, ಇಬ್ಬರು ಮುಗ್ಗರಿಸಿದರು. ಒಂದಾಳು ಆಳ ಹೋದ, ಎರಡಾಳು ಆಳ ಹೋದ. ಕೊಂದೆ, ನಾನೇ ಕೊಂದೆ ಎಂದು ನನ್ನ ತಲೆಯೊಳಗೆ ಒಂದೇ ಮಾತು.

ಆಗ ಬಾವಿಯೊಳಗಿನಿಂದ ಹಾಡು ಕೇಳಿಸಿತು.

ಹಾಡೆಂದರೆ ಅದರಲ್ಲಿ ಮಾತೇನಿರಲಿಲ್ಲ. ಕಪಿಲೆ ಹೊಡೆಯುವವರು ಎತ್ತುಗಳನ್ನು ಇಳಿಜಾರಿಗೆ ಬಿಡುವಾಗ ಎಳೆಯುವ ದನಿ ಅದು, ಹೋ ಹೋ ಎಂದು ಏರಿ ಏರಿ ಹೋಗುವುದು. ಎದೆಗೆ ಹಗ್ಗ ಬಿಗಿದಿತ್ತು, ಬಾಯಲ್ಲಿ ಕೆಸರಿತ್ತು. ಉಸಿರು ಎಲ್ಲಿಂದ ತಂದನೋ. ಪಿಟಕ್ಕೆನ್ನಬೇಡಿ ಎಂದು ನಮಗೆಲ್ಲ ಹೇಳಿದ್ದ ಮನುಷ್ಯ ಬಾವಿ ತುಂಬ ಹಾಡಿದ. ಎತ್ತುಗಳ ಕಿವಿ ನಿಮಿರಿದವು. ನಿಂತವು. ಆಮೇಲೆ, ಮುಂದಿನ ಸರದಿ ಬಂತೆಂದು ತಿಳಿದು, ಇಳಿಜಾರಿಗೆ ಹೆಜ್ಜೆ ಹಾಕಿದವು. ಈ ಸಲ ದಂಡೆಯ ಮೇಲೆ ಐದು ಜೊತೆ ಕೈ ಕಾದಿದ್ದವು. ತೋಳು ಸಿಕ್ಕವನು ತೋಳು, ಜುಟ್ಟು ಸಿಕ್ಕವನು ಜುಟ್ಟು ಹಿಡಿದು ಎಳೆದುಹಾಕಿದರು.

ಆತ ಮಣ್ಣಿನ ಮೇಲೆ ಮಗ್ಗುಲಾಗಿ ಬಿದ್ದು ಕೆಸರು ಕಾರಿದ. ಎದೆಯ ಮೇಲೆ ಹಗ್ಗದ ಬರೆ ರಕ್ತವಾಗಿ ಎದ್ದಿತ್ತು. ನಾನು ಬಾರುಗೋಲು ಹಿಡಿದೇ ನಿಂತಿದ್ದೆ. ಬೈಯಲಿ ಎಂದು ಕಾದೆ, ಬೈದರೆ ಸಾಕಿತ್ತು. ಆತ ನನ್ನ ಕೈ ನೋಡಿದ. "ಅವಕ್ಕ ಹೊಡಿಬ್ಯಾಡ್ರಿ. ಅವು ತಮ್ಮ ಕೆಲಸ ಬರೋಬ್ಬರ್ ಮಾಡ್ಯಾವ" ಅಂದ. ಬಾಯಿ ತೊಳೆದುಕೊಂಡ. ಕಪಿಲೆಯವನು ಎರಡನೆಯ ತೊಲೆ ತರುವ ಹೊತ್ತಿಗೆ ಎದ್ದು ಬಾವಿಯೊಳಗೆ ಇಣುಕಿದ. "ಮ್ಯಾಲಿನ ತೊಲಿ ನಿಂತೈತಿ. ಇನ್ನೊಂದು ಕೊಟ್ಟು ಬೆಣಿ ಹೊಡದ್ರ ಆಕಿ ನಿಲ್ತಾಳ."

"ಬೇಡ ತಾತಾ" ಅಂದೆ. "ನಾಳೆ ನೋಡೋಣು."

"ನಾಳಿತನಕ ಆಕಿ ಕಾಯಬೇಕಲ್ರಿ. ಕೂಸುಗಳು ಕಾಯಬೇಕಲ್ಲ" ಎಂದು ಹಗ್ಗವನ್ನು ಮತ್ತೆ ಎದೆಗೆ, ಅದೇ ಬರೆಯ ಮೇಲೆ ಬಿಗಿದುಕೊಂಡ. "ಎತ್ತು ಬಿಚ್ಚಿ ದೂರ ಕಟ್ರಿ. ಮಂದಿ ಕೈಗೆ ಮಣ್ಣು ಹಚ್ಕೊಂಡು ಹಿಡೀಲಿ. ಮುಂದಿನ ಆಳಾಗಿ ಸಣ್ಣ ಸಾವುಕಾರ್ರು ನಿಲ್ಲಲಿ."

ನಿಂತೆ. ಆ ಒಂದು ತಾಸನ್ನು ನಾನು ಮರೆತಿಲ್ಲ. ಹಗ್ಗ ನನ್ನ ಅಂಗೈಯಲ್ಲಿತ್ತು, ಹಗ್ಗದ ತುದಿಗೆ ಆತ ಇದ್ದ. ಆತ ಮಗ್ಗುಲು ಬದಲಿಸಿದರೆ ನನ್ನ ಕೈಗೆ ತಿಳಿಯುತ್ತಿತ್ತು. ಕೆಳಗೆ ಒಂದು ಹಳ್ಳು ಬಿದ್ದರೆ ಹಿಮ್ಮಡಿ ಊರಿ ಹಗ್ಗ ಬಿಗಿ ಹಿಡಿಯುತ್ತಿದ್ದೆ. ಬೆಣೆಯ ಸದ್ದು ಎರಡು ಸಲ ನಿಂತಿತು, ಎರಡು ಸಲವೂ ನಾನು ಎಳೆಯಲು ಅಣಿಯಾದೆ. ಕೊನೆಗೆ ಮೂರು ಸಲ ಜಗ್ಗಿದಾಗ ಎಲ್ಲರೂ ಒಂದೇ ಆಳಾಗಿ ಎಳೆದೆವು. ಆತ ದಂಡೆ ದಾಟಿ ಎರಡೂ ಕಾಲು ನೆಲಕ್ಕಿಟ್ಟ ಮೇಲೂ ನನಗೆ ಹಗ್ಗ ಬಿಡಲಾಗಲಿಲ್ಲ. ದರ್ಜಿ ನನ್ನ ಬೆರಳು ಬಿಡಿಸಬೇಕಾಯಿತು.

ಸಂಜೆಗೆ ಕಲ್ಲು ತೆಗೆದು ಸೆಲೆ ಬಿಡಿಸಿದರು. ಮೊದಲು ಬಂದ ನೀರು ಕಪ್ಪು, ಆಮೇಲೆ ಮಂಕು, ಆಮೇಲೆ ತಿಳಿ. ಬಟ್ಟೆಯಲ್ಲಿ ಸೋಸಿ ಮೊದಲ ಕೊಡವನ್ನು ದರ್ಜಿಯ ಹೆಂಡತಿ ಒಯ್ದಳು. ಅಷ್ಟರಲ್ಲಿ ನಮ್ಮಪ್ಪ ಕಾರ್ಖಾನೆಯಿಂದ ಓಡೋಡಿ ಬಂದ. ಏನೋ ಅನಾಹುತವಾಯಿತಂತಲ್ಲ ಎಂದು ಕೇಳಿದ. ಕೇಳಿದ್ದು ನನ್ನನ್ನು. ನಾನು ಬಾಯಿ ತೆರೆಯುವ ಮುಂಚೆ ತಾತ, "ಏನಿಲ್ರಿ ದೊಡ್ಡ ಸಾವುಕಾರ್ರ. ಒಂದೀಟು ಕಲ್ಲು ಬಿತ್ತು. ಸಣ್ಣವ್ರು ಎಳದ್ರು, ಬಂದೆ" ಅಂದ. ಅಪ್ಪ ನನ್ನ ಬೆನ್ನು ತಟ್ಟಿದ. ನಾನು ತಟ್ಟಿಸಿಕೊಂಡೆ.

ಆಮೇಲೆ ಹತ್ತು ಹನ್ನೊಂದು ವರ್ಷಗಳಲ್ಲಿ ಆತನನ್ನು ಎಷ್ಟೋ ಸಲ ನೋಡಿದೆ. ಸಂತೆಯಲ್ಲಿ, ಸ್ಟೇಷನ್ನಿನಲ್ಲಿ, ಒಮ್ಮೆ ನಮ್ಮದೇ ಬಾವಿಯ ಹೂಳೆತ್ತುವಾಗ. ಆ ದಿನದ ಮಾತು ತೆಗೆಯಬೇಕು ಎಂದುಕೊಳ್ಳುತ್ತಿದ್ದೆ. ಆತ ಮಳೆಯ ಮಾತು, ಮಗನ ಮದುವೆಯ ಮಾತು ತೆಗೆಯುತ್ತಿದ್ದ. ನನಗೂ ಅದೇ ಬೇಕಾಗಿತ್ತು ಎಂದು ಕಾಣುತ್ತದೆ.

ಮೊನ್ನೆ ಸೋಮವಾರ ಕೋಸಗಿಯ ರೈಲು ಹತ್ತಿದೆ. ಆತನ ಮನೆಯ ಮುಂದೆ ಹೆಂಡತಿ ಹೊರಸಿನ ಹಗ್ಗ ಬಿಗಿಯುತ್ತ ಕುಳಿತಿದ್ದಳು. ಆದೋನಿಯಿಂದ ಬಂದೆ ಎಂದು ಹೇಳಿದೆ. ಆಕೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ಜೋಪಡಿ ಬಾವಿ ಸಣ್ಣ ಸಾವುಕಾರ್ರಾ?" ಹೌದೆಂದೆ. ಆಕೆ ಒಳಗೆ ಮುಖ ಮಾಡಿ ಸೊಸೆಯನ್ನು ಕರೆದಳು. "ಬಾರವ್ವಾ ಇಲ್ಲಿ. ನಿಮ್ಮ ಮಾವನ್ನ ಬಾವ್ಯಾಗಿಂದ ಜೀವಂತ ತೆಗದವ್ರು ಬಂದಾರ. ತಂಬಿಗಿ ನೀರು ತಾ, ಬೆಲ್ಲ ತಾ."

ನೀರು ಬಂತು, ಬೆಲ್ಲ ಬಂತು. ಆಕೆ ಹೇಳುತ್ತಲೇ ಇದ್ದಳು. "ಎತ್ತು ಹಿಂದಕ್ಕ ಸರದಾಗ ಎಲ್ಲಾರೂ ಕೈ ಬಿಟ್ರಂತ, ನೀವೊಬ್ರ ಬಿಡಲಿಲ್ಲಂತ. ಪ್ಲೇಗಿನ ಮಾತು ಬಂದಾಗೊಮ್ಮೆ ಹೇಳ್ತಿದ್ದ."

"ಎತ್ತು ಯಾರು ಹೂಡಿದ್ರು ಅಂತ ಹೇಳಿದ್ನಾ?" ಎಂದು ಕೇಳಿದೆ.

"ಯಾರೋ ತಿಳಿಗೇಡಿ ಅಂತ. ಎಷ್ಟು ಕೇಳಿದ್ರೂ ಯಾರಂತ ಬಾಯಿ ಬಿಡಲಿಲ್ಲ. ಅವನ ಕೈ ಸೇದಿ ಹೋಗ್ಲಿ ಅಂತ ನಾ ಬೈತಿದ್ದೆ. ಬೈಬ್ಯಾಡ ಬಿಡು, ಹುಡುಗಬುದ್ಧಿ ಅಂತಿದ್ದ."

ಹೇಳಲೆಂದೇ ಹೋಗಿದ್ದೆ. ರೈಲಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಬೆಲ್ಲ ಬಾಯಲ್ಲಿತ್ತು, ಅದನ್ನು ನುಂಗಿದೆ, ನೀರು ಕುಡಿದೆ. ಏಳುವಾಗ ಆಕೆ ಬಗ್ಗಿ ನನ್ನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನಾನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆ ತಿಳಿಗೇಡಿ ನಾನೇ. ಅಲ್ಲಿ ಆಡಲಾಗದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯುವುದು ಕಷ್ಟವಾಗಲಿಲ್ಲ. ಆಕೆಗೆ ಓದಲು ಬರುವುದಿಲ್ಲ.